ಗೋಡೆ ಬಿದ್ದ ಊರಿನಲ್ಲಿ ಐದು ದಿನ

ಬರ್ಲಿನ್ ನಗರದ ಮಧ್ಯಭಾಗದಲ್ಲಿ ನಡೆಯುವವರು ಕಟ್ಟಡಗಳ ಜೊತೆಗೆ ಆಗಾಗ ಕಾಲಬುಡವನ್ನೂ ನೋಡಿಕೊಳ್ಳಬೇಕು. ಡಾಂಬರು ರಸ್ತೆಯಲ್ಲಿ ಎರಡು ಸಾಲು ಕಲ್ಲುಗಳನ್ನು ಜೋಡಿಸಿದ ಗೆರೆಯೊಂದು ಥಟ್ಟನೆ ಕಾಣಿಸಿಕೊಳ್ಳುತ್ತದೆ. ಅದು ರಸ್ತೆಯನ್ನು ಅಡ್ಡಕ್ಕೆ ದಾಟಿ, ಫುಟ್‌ಪಾತನ್ನು ಹತ್ತಿ, ಮುಂದೆಲ್ಲೋ ಮಾಯವಾಗುತ್ತದೆ. ಅಲ್ಲಲ್ಲಿ ಲೋಹದ ಪಟ್ಟಿಯ ಮೇಲೆ 'ಬರ್ಲಿನ್ ಗೋಡೆ 1961-1989' ಎಂದು ಬರೆದಿದೆ. ಊರಿನ ಜನ ಅದನ್ನು ತುಳಿದುಕೊಂಡೇ ಕಚೇರಿಗೆ, ಅಂಗಡಿಗೆ ಹೋಗುತ್ತಾರೆ. ನಾವು ಮಾತ್ರ ಮೊದಲ ದಿನ ಆ ಗೆರೆಯನ್ನು ದಾಟುವಾಗ ಒಂದು ಕ್ಷಣ ನಿಂತೆವು. ವಿಭಜನೆಯ ಕಥೆಗಳನ್ನು ಕೇಳುತ್ತಾ ಬೆಳೆದ ಉಪಖಂಡದವರಿಗೆ ಹಾಗಾಗುವುದು ಸಹಜವೇನೋ.

ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನೂ ಅದರ ರಾಜಧಾನಿಯನ್ನೂ 1945ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಹಂಚಿಕೊಂಡವು. 1949ರಲ್ಲಿ ಎರಡು ಜರ್ಮನಿಗಳು ಹುಟ್ಟಿದವು. ಪಶ್ಚಿಮ ಬರ್ಲಿನ್ ಮಾತ್ರ ಪೂರ್ವ ಜರ್ಮನಿಯ ನಡುವೆ ದ್ವೀಪದಂತೆ ಉಳಿಯಿತು. ಆದರೆ ನಗರದೊಳಗೆ ಜನ ಅತ್ತಿಂದಿತ್ತ ಓಡಾಡಬಹುದಾಗಿತ್ತು. ಪೂರ್ವದಲ್ಲಿ ಬದುಕಲಾರದವರು ಬರ್ಲಿನ್ನಿಗೆ ಬಂದು ರೈಲು ಹತ್ತಿ ಪಶ್ಚಿಮದಲ್ಲಿ ಇಳಿದರೆ ಮುಗಿಯಿತು. 1961ರ ಹೊತ್ತಿಗೆ ಹೀಗೆ ಪೂರ್ವ ಜರ್ಮನಿಯನ್ನು ತೊರೆದವರು ಲಕ್ಷಗಟ್ಟಲೆ. ವೈದ್ಯರು, ಎಂಜಿನಿಯರುಗಳು, ಕುಶಲ ಕೆಲಸಗಾರರು, ಹೆಚ್ಚಾಗಿ ಎಳೆ ವಯಸ್ಸಿನವರು. ಆ ವರ್ಷದ ಜೂನ್‌ನಲ್ಲಿ ಪೂರ್ವದ ನಾಯಕ ವಾಲ್ಟರ್ ಉಲ್‌ಬ್ರಿಖ್ಟ್, ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲ ಎಂದು ಪತ್ರಕರ್ತರ ಮುಂದೆ ಸಾರಿದರು. ಎರಡು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 13ರ ಭಾನುವಾರ ಜನ ಕಣ್ಣುಬಿಟ್ಟಾಗ ಮುಳ್ಳುತಂತಿ ಬಿಗಿಯಲಾಗಿತ್ತು. ಬಳಿಕ ಇಟ್ಟಿಗೆ, ಆಮೇಲೆ ಕಾಂಕ್ರೀಟ್. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಈ ಗಡಿಯ ಉದ್ದ ಸುಮಾರು 155 ಕಿಲೋಮೀಟರ್. ಅದರಲ್ಲಿ 43 ಕಿಲೋಮೀಟರ್ ಊರಿನ ಎದೆಯ ಮೇಲೆಯೇ ಹಾದುಹೋಗಿತ್ತು.

ಇದನ್ನು ತಿಳಿಯಬೇಕೆಂದರೆ ಹೋಗಬೇಕಾದದ್ದು ಬೆರ್ನಾವರ್ ಬೀದಿಗೆ. ಪ್ರವಾಸಿಗಳು ಮುಗಿಬೀಳುವ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಈಗಿರುವ ಕಾವಲು ಗೂಡು ನಕಲಿ. ಸುತ್ತಲೂ ಟೋಪಿ, ಬಿಲ್ಲೆ ಮಾರುವ ಅಂಗಡಿಗಳು. 1961ರ ಅಕ್ಟೋಬರ್‌ನಲ್ಲಿ ಅಮೆರಿಕದ ಮತ್ತು ಸೋವಿಯತ್‌ನ ಟ್ಯಾಂಕುಗಳು ಮುಖಾಮುಖಿಯಾಗಿ ನಿಂತ ಜಾಗ ಇದೇ ಎಂಬುದನ್ನು ನಂಬಲು ಅಲ್ಲಿ ಕಷ್ಟವಾಗುತ್ತದೆ. ನಾವು ಹತ್ತು ನಿಮಿಷದಲ್ಲಿ ಹೊರಬಿದ್ದೆವು.

ಬೆರ್ನಾವರ್ ಬೀದಿಯ ವಿಚಿತ್ರವೇನೆಂದರೆ, ಅದರ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದರೆ ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ ಸೇರಿತ್ತು. ಬಾಗಿಲು ದಾಟಿದರೆ ಬೇರೆ ದೇಶ! ಗಡಿ ಮುಚ್ಚಿದ ಮೇಲೆ ಸೈನಿಕರು ಬಾಗಿಲುಗಳಿಗೆ ಇಟ್ಟಿಗೆ ಕಟ್ಟಿಸಿದರು. ಜನ ಕಿಟಕಿಗಳಿಂದ ಹಾರಿದರು. ಕೆಳಗೆ ಪಶ್ಚಿಮದ ಅಗ್ನಿಶಾಮಕ ದಳದವರು ಬಲೆ ಹಿಡಿದು ನಿಂತಿರುತ್ತಿದ್ದರು. ಆಗಸ್ಟ್ 22ರಂದು 58 ವರ್ಷದ ಇಡಾ ಸೀಕ್‌ಮನ್ ಎಂಬಾಕೆ ಮೊದಲು ಹಾಸಿಗೆ ಬಟ್ಟೆಗಳನ್ನು ಕೆಳಗೆ ಎಸೆದು ತಾನೂ ಹಾರಿದಳು. ಬಲೆ ಬಿಚ್ಚುವಷ್ಟು ಸಮಯವಿರಲಿಲ್ಲ. ಗೋಡೆಯಿಂದಾಗಿ ಸತ್ತವರಲ್ಲಿ ಆಕೆಯೇ ಮೊದಲಿಗಳು. ಮುಂದೆ ಕಿಟಕಿಗಳನ್ನೂ ಮುಚ್ಚಿದರು, ನಿವಾಸಿಗಳನ್ನು ಒಕ್ಕಲೆಬ್ಬಿಸಿದರು, ಕೊನೆಗೆ ಮನೆಗಳನ್ನೇ ಕೆಡವಿದರು. ಮೇಲಿನ ದಾರಿ ಮುಚ್ಚಿದಾಗ ಜನ ನೆಲದೊಳಗೆ ದಾರಿ ಕೊರೆದರು. 1964ರ ಅಕ್ಟೋಬರ್‌ನಲ್ಲಿ ಇದೇ ಬೀದಿಯ ಕೆಳಗಿನ ಒಂದು ಸುರಂಗದಿಂದ 57 ಮಂದಿ ಪಾರಾದರು.

ಎರಡು ಗೋಡೆಗಳ ನಡುವೆ, ಯಾರೂ ಕಾಲಿಡಲಾಗದ ಪಟ್ಟಿಯಲ್ಲಿ, ಒಂದು ಇಗರ್ಜಿ ಸಿಕ್ಕಿಕೊಂಡಿತ್ತು. ಅದರ ಹೆಸರೇ 'ರಾಜಿ ಸಂಧಾನದ ಇಗರ್ಜಿ'. ಕಾವಲುಗಾರರ ನೋಟಕ್ಕೆ ಅಡ್ಡಿಯಾಗುತ್ತದೆಂದು 1985ರ ಜನವರಿಯಲ್ಲಿ ಸರಕಾರ ಅದನ್ನು ಸಿಡಿಮದ್ದಿಟ್ಟು ಉರುಳಿಸಿತು. ಐದೇ ವರ್ಷ ಕಾದಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಈಗ ಅದೇ ಜಾಗದಲ್ಲಿ 2000ದಲ್ಲಿ ಕಟ್ಟಿದ ಚಿಕ್ಕ ಪ್ರಾರ್ಥನಾ ಮಂದಿರವಿದೆ. ಅದರ ಗೋಡೆ ಮಣ್ಣಿನದು. ನಮ್ಮ ಹಳ್ಳಿಗಳ ಹಳೆಯ ಮನೆಗಳಂತೆ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ಎಬ್ಬಿಸಿದ್ದಾರೆ. ಆ ಮಣ್ಣಿಗೆ ಉರುಳಿಸಿದ ಇಗರ್ಜಿಯ ಚೂರುಗಳನ್ನು ಕುಟ್ಟಿ ಬೆರೆಸಿದ್ದಾರೆ. ಹೊರಗೆ, ಒಂದು ಕಾಲದಲ್ಲಿ ಗುಂಡು ಹಾರುತ್ತಿದ್ದ ನೆಲದಲ್ಲಿ, ರೈ ಎಂಬ ಧಾನ್ಯ ಬೆಳೆಯುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ 'ನೆನಪಿನ ಕಿಟಕಿ' ಎಂಬ ಸ್ಮಾರಕವಿದೆ. ತುಕ್ಕು ಬಣ್ಣದ ಉಕ್ಕಿನ ಚೌಕಟ್ಟುಗಳಲ್ಲಿ, ಗೋಡೆಯಿಂದಾಗಿ ಪ್ರಾಣ ಕಳೆದುಕೊಂಡವರ ಭಾವಚಿತ್ರಗಳು. ಸಂಶೋಧಕರು ದೃಢಪಡಿಸಿದ ಸಂಖ್ಯೆ ಕನಿಷ್ಠ 140. ಬಹುತೇಕ ತರುಣರ ಮುಖಗಳು. ಅವುಗಳ ನಡುವೆ ಮಕ್ಕಳ ಮುಖಗಳನ್ನು ಕಂಡು ನಾವು ಬೆಚ್ಚಿದೆವು. ಒಂದರ ಕೆಳಗೆ ತುರ್ಕಿ ಹೆಸರು: ಚೆತಿನ್ ಮೆರ್ಟ್. ಐದು ವರ್ಷದ ತುರ್ಕಿ ಹುಡುಗನಿಗೂ ಜರ್ಮನರ ಗೋಡೆಗೂ ಏನು ಸಂಬಂಧ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಮ್ಮ ಉಳಿದ ದಿನಗಳು ಕಳೆದವು. ಅದಕ್ಕೆ ಆಮೇಲೆ ಬರುತ್ತೇವೆ.

ಗೋಡೆ ಜನರನ್ನಷ್ಟೇ ಅಲ್ಲ, ವಸ್ತುಗಳನ್ನೂ ಹಂಚಿತ್ತು. ಶ್ಪ್ರೇ ನದಿಯ ನಡುವಿನ ಮ್ಯೂಸಿಯಂ ದ್ವೀಪದಲ್ಲಿ 1830ರಿಂದ 1930ರವರೆಗೆ ಕಟ್ಟಿದ ಐದು ವಸ್ತುಸಂಗ್ರಹಾಲಯಗಳಿವೆ. ವಿಭಜನೆಯಲ್ಲಿ ದ್ವೀಪ ಪೂರ್ವದ ಪಾಲಾಯಿತು. ಆದರೆ ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಬೇರೆಡೆ ಸಾಗಿಸಿದ್ದ ಅನೇಕ ವಸ್ತುಗಳು ಪಶ್ಚಿಮದವರ ಕೈಗೆ ಸಿಕ್ಕಿದವು. ಈಜಿಪ್ಟಿನ ರಾಣಿ ನೆಫರ್ತೀತಿಯ ಪ್ರತಿಮೆ ಪಶ್ಚಿಮದಲ್ಲಿ ಉಳಿಯಿತು, ಆಕೆಯ ಮನೆಯಾದ ನೋಯಸ್ ಮ್ಯೂಸಿಯಂ ಪೂರ್ವದಲ್ಲಿ ಪಾಳುಬಿತ್ತು. ಅವೆರಡೂ ಮತ್ತೆ ಕೂಡಿದ್ದು 2009ರಲ್ಲಿ. ಆಕೆ ಕೂಡಬೇಕಾದದ್ದು ಬರ್ಲಿನ್ನಿನೊಂದಿಗಲ್ಲ, ಕೈರೋದೊಂದಿಗೆ ಎಂಬುದು ಈಜಿಪ್ಟಿನವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ.

1904ರಲ್ಲಿ ಆರಂಭವಾದ ಇಸ್ಲಾಮಿ ಕಲಾ ಸಂಗ್ರಹಾಲಯದ ಕಥೆಯೂ ಇದೇ. ಶೀತಲ ಸಮರದ ಕಾಲದಲ್ಲಿ ಅದು ದ್ವೀಪದ ಪರ್ಗಮಾನ್ ಕಟ್ಟಡದಲ್ಲಿ ಒಂದು, ಪಶ್ಚಿಮದ ಡಾಲೆಮ್‌ನಲ್ಲಿ ಇನ್ನೊಂದು ಹೀಗೆ ಎರಡಾಗಿತ್ತು. ಗೋಡೆ ಬಿದ್ದ ನಂತರವೇ ಒಂದಾಯಿತು. ಅದರ ಹೆಮ್ಮೆ ಎಂದರೆ ಜೋರ್ಡಾನ್ ಮರುಭೂಮಿಯ ಮುಶತ್ತಾ ಎಂಬ ಉಮವಿಯ್ಯಾ ಅರಮನೆಯ ಕೆತ್ತನೆಯ ಮುಂಗೋಡೆ. 8ನೇ ಶತಮಾನದ ಈ ಗೋಡೆಯನ್ನು ಸುಲ್ತಾನ್ ಅಬ್ದುಲ್ ಹಮೀದರು 1903ರಲ್ಲಿ ಕೈಸರ್ ವಿಲ್‌ಹೆಲ್ಮ್‌ಗೆ ಉಡುಗೊರೆಯಾಗಿ ಕೊಟ್ಟರು. ಇನ್ನೊಂದು, ಅಲೆಪ್ಪೊ ನಗರದ ಕ್ರೈಸ್ತ ವರ್ತಕನೊಬ್ಬನ ಮನೆಯ ಚಿತ್ತಾರದ ಮರದ ಕೋಣೆ. 1600ರ ಆಸುಪಾಸಿನದು. ಬೈಬಲಿನ ದೃಶ್ಯಗಳೂ ಅರಬಿ ಲಿಪಿಯ ಬರಹಗಳೂ ಒಂದೇ ಗೋಡೆಯಲ್ಲಿವೆ. ನಮ್ಮ ದುರದೃಷ್ಟಕ್ಕೆ ನಾವು ಹೋದಾಗ ಪರ್ಗಮಾನ್ ಮುಚ್ಚಿತ್ತು. 2023ರ ಅಕ್ಟೋಬರ್‌ನಲ್ಲಿ ಭಾರೀ ದುರಸ್ತಿಗಾಗಿ ಅದನ್ನು ಪೂರ್ತಿಯಾಗಿ ಮುಚ್ಚಲಾಗಿತ್ತು. ಚಿತ್ರಗಳನ್ನಷ್ಟೇ ನೋಡಿ ತೃಪ್ತಿಪಡಬೇಕಾಯಿತು. ಆದರೆ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯಿತು. 2015ರಲ್ಲಿ ಸಿರಿಯಾ, ಇರಾಕ್‌ಗಳಿಂದ ನಿರಾಶ್ರಿತರು ಬಂದಾಗ ಈ ಸಂಗ್ರಹಾಲಯ 'ಮುಲ್ತಕಾ' ಎಂಬ ಯೋಜನೆ ಆರಂಭಿಸಿತು. ಅರಬಿಯಲ್ಲಿ ಸೇರುವ ತಾಣ ಎಂದರ್ಥ. ನಿರಾಶ್ರಿತರಿಗೇ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಿದರು. ತನ್ನೂರು ಬಾಂಬಿಗೆ ಸಿಕ್ಕಿ ಪುಡಿಯಾಗುತ್ತಿರುವಾಗ, ಅದೇ ನಾಡಿನ ನಾಲ್ಕು ಶತಮಾನಗಳ ಹಿಂದಿನ ಕೋಣೆಯ ಮುಂದೆ ನಿಂತು ತನ್ನವರಿಗೆ ಅರಬಿಯಲ್ಲಿ ವಿವರಿಸುವವನ ದನಿ ಹೇಗಿದ್ದಿರಬಹುದು!

ದ್ವೀಪದಿಂದ ಪಶ್ಚಿಮಕ್ಕೆ ನಡೆದರೆ ವಿಶ್ವವಿದ್ಯಾನಿಲಯ ಸಿಗುತ್ತದೆ. ಇಂದಿನ ಹುಂಬೋಲ್ಟ್ ವಿಶ್ವವಿದ್ಯಾನಿಲಯ. ಡಾ. ಝಾಕಿರ್ ಹುಸೈನರು 1920ರ ದಶಕದಲ್ಲಿ ಓದಿ ಡಾಕ್ಟರೇಟ್ ಪಡೆದದ್ದು ಇಲ್ಲಿ. ಗಾಲಿಬನ ದೀವಾನನ್ನು ಅವರು ಮುದ್ರಿಸಿದ್ದು ಬರ್ಲಿನ್ನಿನ ಕಾವಿಯಾನಿ ಮುದ್ರಣಾಲಯದಲ್ಲಿ. ಆಬಿದ್ ಹುಸೈನ್, ಮುಹಮ್ಮದ್ ಮುಜೀಬರೊಡನೆ ಸೇರಿ, ಊರಿಗೆ ಮರಳಿ ಜಾಮಿಯಾ ಮಿಲ್ಲಿಯಾವನ್ನು ಉಳಿಸಿಕೊಳ್ಳುವ ಸಂಕಲ್ಪ ಮಾಡಿದ್ದೂ ಈ ಊರಿನಲ್ಲಿಯೇ. ಇಲ್ಲಿ ಅವರ ಗೆಳತಿಯಾದ ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಯಹೂದಿ ಮಹಿಳೆ ದಿಲ್ಲಿಗೆ ಬಂದು ಜಾಮಿಯಾದ ಮಕ್ಕಳಿಗಾಗಿ ದುಡಿದು 1943ರಲ್ಲಿ ತೀರಿಕೊಂಡರು. ಜಾಮಿಯಾದ ಖಬರಸ್ತಾನದಲ್ಲೇ ಅವರ ಸಮಾಧಿ ಇದೆ. ಕನ್ನಡದ ಒಂದು ತಲೆಮಾರಿನ ಲೇಖಕರನ್ನು ಪ್ರಭಾವಿಸಿದ ರಾಮಮನೋಹರ ಲೋಹಿಯಾ ಸಹ ಇದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ.

ಅದರ ಎದುರಿನ ಚೌಕದಲ್ಲಿ 1933ರ ಮೇ 10ರಂದು ನಾಝಿ ವಿದ್ಯಾರ್ಥಿಗಳು ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಈಗ ಅಲ್ಲಿ ನೆಲದಲ್ಲೊಂದು ಗಾಜು. ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಖಾಲಿ ಕಪಾಟುಗಳು. ಪಕ್ಕದ ಫಲಕದಲ್ಲಿ ಕವಿ ಹೈನೆಯ 'ಅಲ್ಮನ್ಸೂರ್' ನಾಟಕದ ಪ್ರಸಿದ್ಧ ಮಾತು. ಪುಸ್ತಕ ಸುಡುವವರು ಅಲ್ಲಿಗೇ ನಿಲ್ಲುವುದಿಲ್ಲ ಎಂಬ ಎಚ್ಚರಿಕೆ ಅದು. ಆದರೆ ನಾಟಕದಲ್ಲಿ ಸುಡಲಾದ ಗ್ರಂಥ ಯಾವುದು ಎಂದು ಎಷ್ಟು ಪ್ರವಾಸಿಗಳಿಗೆ ಗೊತ್ತು? ಸ್ಪೇನಿನ ಗ್ರಾನಡಾದಲ್ಲಿ ಕುರ್‌ಆನ್ ಪ್ರತಿಗಳನ್ನು ಸುಟ್ಟ ಸುದ್ದಿ ಕೇಳಿ ಒಬ್ಬ ಮುಸ್ಲಿಮ್ ಪಾತ್ರ ಆಡುವ ಮಾತದು. ಯಹೂದಿಯಾಗಿ ಹುಟ್ಟಿದ ಜರ್ಮನ್ ಕವಿ ಅದನ್ನು ಬರೆದು ನೂರು ವರ್ಷ ದಾಟಿದ ಮೇಲೆ ಅವನ ಕೃತಿಗಳನ್ನೂ ಬೆಂಕಿಗೆ ಹಾಕಲಾಯಿತು.

ಗೂಢಚಾರ ಸಂಸ್ಥೆ ಸ್ಟಾಸಿಯ ಹಳೆಯ ಕೇಂದ್ರ ಕಚೇರಿಯನ್ನೂ ನೋಡಿದೆವು. ಮಂತ್ರಿ ಎರಿಖ್ ಮೀಲ್ಕೆಯ ಮೇಜು, ಟೆಲಿಫೋನು ಇದ್ದ ಹಾಗೆಯೇ ಇವೆ. ಅವನು ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್. 1991ರ ಕಾನೂನಿನಂತೆ ಪ್ರತಿಯೊಬ್ಬನೂ ತನ್ನ ಕಡತವನ್ನು ಕೇಳಿ ಓದಬಹುದು. ತನ್ನ ಮೇಲೆ ವರದಿ ಬರೆದವನು ಗೆಳೆಯನೋ ಗಂಡನೋ ಎಂದು ತಿಳಿದು ಎಷ್ಟೋ ಮನೆಗಳು ಮುರಿದವು. ಆದರೂ ಆ ಕಡತಗಳನ್ನು ಮುಚ್ಚಿಡದಿದ್ದುದೇ ಸರಿ ಎಂದು ನಮಗನಿಸಿತು.

ಕೊನೆಯ ದಿನ ಕ್ರಾಯ್ಟ್ಸ್‌ಬರ್ಗ್‌ಗೆ ಹೋದೆವು. ತುರ್ಕಿ ಅಂಗಡಿಗಳು, ಬೇಕರಿಗಳು, ಬೀದಿಯಲ್ಲಿ ಸಲಾಮ್. ಗೋಡೆ ಏಳುವ ಮೊದಲು ಪೂರ್ವದ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ದಿನವೂ ಪಶ್ಚಿಮ ಬರ್ಲಿನ್ನಿಗೆ ಬಂದು ದುಡಿದು ಹೋಗುತ್ತಿದ್ದರು. ಒಂದೇ ರಾತ್ರಿಯಲ್ಲಿ ಅವರು ಇಲ್ಲವಾದರು. ಅದೇ ವರ್ಷದ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ತುರ್ಕಿಯೊಡನೆ ಕೆಲಸಗಾರರ ಒಪ್ಪಂದ ಮಾಡಿಕೊಂಡಿತು. ಅನಾಟೋಲಿಯಾದ ಹಳ್ಳಿಗಳಿಂದ ಬಂದವರಿಗೆ ಬಾಡಿಗೆ ಕಡಿಮೆ ಇದ್ದ ಮನೆಗಳು ಸಿಕ್ಕಿದ್ದು ಗೋಡೆಗೆ ಅಂಟಿಕೊಂಡ ಈ ಬಡಾವಣೆಯಲ್ಲಿ. 'ಅತಿಥಿ ಕೆಲಸಗಾರರು' ಎಂದು ಅವರನ್ನು ಕರೆದರು. ಅತಿಥಿ ಎಂದಾದರೊಂದು ದಿನ ಎದ್ದು ಹೋಗಬೇಕಲ್ಲವೇ!

ಇಲ್ಲಿ ಶ್ಪ್ರೇ ನದಿಯೇ ಗಡಿ. ನದಿಯ ಈ ದಡ ಪಶ್ಚಿಮಕ್ಕೆ ಸೇರಿದ್ದರೆ, ನೀರು ಪೂರ್ತಿಯಾಗಿ ಪೂರ್ವಕ್ಕೆ ಸೇರಿತ್ತು. 1975ರ ಮೇ 11ರಂದು ದಡದಲ್ಲಿ ಆಡುತ್ತಿದ್ದ ಚೆತಿನ್ ನೀರಿಗೆ ಬಿದ್ದ. ಅಂದು ಅವನ ಐದನೇ ಹುಟ್ಟುಹಬ್ಬ. ಪಶ್ಚಿಮದ ಅಗ್ನಿಶಾಮಕ ದಳದವರು ಬಂದರು, ಆದರೆ ನೀರಿಗಿಳಿಯುವಂತಿರಲಿಲ್ಲ. ಇಳಿದರೆ ಗಡಿ ಉಲ್ಲಂಘನೆ. ಪೂರ್ವದವರು ಬಂದು ಮೇಲೆತ್ತಿದ್ದು ಮಗುವಿನ ಶವವನ್ನು. 1966ರಿಂದ ಈ ನೀರಿನಲ್ಲಿ ಹೀಗೆ ಸತ್ತ ಐದು ಮಕ್ಕಳಲ್ಲಿ ಅವನೇ ಕೊನೆಯವನು. ಇಬ್ಬರು ತುರ್ಕಿ ಮಕ್ಕಳು, ಒಬ್ಬ ಇಟಲಿಯವನು, ಇಬ್ಬರು ಜರ್ಮನರು. ಆ ಸಾವಿನ ನಂತರ ಸ್ಥಳೀಯರು ಬೀದಿಗಿಳಿದರು. ನೀರಿಗೆ ಬಿದ್ದವರನ್ನು ಪಶ್ಚಿಮದವರು ಉಳಿಸಬಹುದು ಎಂಬ ಒಪ್ಪಂದಕ್ಕೆ ಎರಡು ಆಡಳಿತಗಳು ಸಹಿ ಹಾಕಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಾವು ಆ ದಡದಲ್ಲಿ ತುಂಬಾ ಹೊತ್ತು ಕುಳಿತೆವು. ಎದುರು ದಡದಲ್ಲಿ ಚಿತ್ರ ಬಿಡಿಸಿದ ಗೋಡೆಯ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು.

1989ರ ನವೆಂಬರ್ 9ರ ರಾತ್ರಿ ಗೋಡೆ ತೆರೆದಾಗ ಇಡೀ ಜಗತ್ತು ಸಂಭ್ರಮಿಸಿತು. ತುರ್ಕಿಯವರೂ ಸಂಭ್ರಮಿಸಿದರು. ಆಮೇಲೆ ಕಾರ್ಖಾನೆಗಳು ಮುಚ್ಚಿದವು, ಮೊದಲು ಕೆಲಸ ಕಳೆದುಕೊಂಡವರಲ್ಲಿ ಅವರೂ ಇದ್ದರು. ಗೋಡೆ ಬಿದ್ದದ್ದು ನಮ್ಮ ತಲೆಯ ಮೇಲೆ ಎಂಬ ಮಾತು ಅವರ ನಡುವೆ ಹುಟ್ಟಿಕೊಂಡಿತು. 1992ರಲ್ಲಿ ಮೋಲ್ನ್, 1993ರಲ್ಲಿ ಝೋಲಿಂಗೆನ್ ಪಟ್ಟಣಗಳಲ್ಲಿ ತುರ್ಕಿ ಮನೆಗಳಿಗೆ ಬೆಂಕಿಯಿಟ್ಟು ಒಟ್ಟು ಎಂಟು ಮಂದಿಯನ್ನು ಕೊಂದರು. ಜರ್ಮನಿಯಲ್ಲಿ ಹುಟ್ಟಿದ ವಿದೇಶೀಯರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವದ ಅವಕಾಶ ಕೊಡುವ ಕಾನೂನು ಜಾರಿಗೆ ಬಂದದ್ದು 2000ದಲ್ಲಿ.

ಹಿಂದಿರುಗುವ ಮೊದಲು ಬೆಥಾನಿಯನ್‌ಡಾಮ್ ಎಂಬ ರಸ್ತೆಯ ಮೂಲೆಯಲ್ಲಿ ಒಂದು ವಿಚಿತ್ರ ಮನೆ ನೋಡಿದೆವು. ಹಳೆಯ ಹಲಗೆ, ಬಿಸಾಡಿದ ಸಾಮಾನುಗಳಿಂದ ಮರದ ಸುತ್ತ ಕಟ್ಟಿದ ಎರಡಂತಸ್ತಿನ ಗುಡಿಸಲು. ಗೋಡೆ ಕಟ್ಟುವಾಗ ಪೂರ್ವದವರು ಗಡಿಯ ವಂಕಿಯನ್ನು ಬಿಟ್ಟು ನೇರವಾಗಿ ಕಟ್ಟಿದ್ದರಿಂದ, ಪೂರ್ವಕ್ಕೆ ಸೇರಿದ ಮೂರು ಮೂಲೆಯ ತುಂಡು ಜಾಗ ಗೋಡೆಯ ಪಶ್ಚಿಮಕ್ಕೆ ಉಳಿದುಬಿಟ್ಟಿತ್ತು. ಪಶ್ಚಿಮದವರು ಅದನ್ನು ಮುಟ್ಟುವಂತಿರಲಿಲ್ಲ, ಪೂರ್ವದವರಿಗೆ ಬೇಕಿರಲಿಲ್ಲ. ಕಸ ತುಂಬಿದ್ದ ಆ ಜಾಗವನ್ನು 1980ರ ದಶಕದ ಆರಂಭದಲ್ಲಿ ಉಸ್ಮಾನ್ ಕಲಿನ್ ಎಂಬ ನಿವೃತ್ತ ತುರ್ಕಿ ಕೆಲಸಗಾರ ಗುಡಿಸಿ, ಅಗೆದು, ಈರುಳ್ಳಿ ಬೆಳ್ಳುಳ್ಳಿ ಬೆಳೆಯತೊಡಗಿದರು. ಪೂರ್ವದ ಗಡಿ ಸೈನಿಕರು ಬಂದು ವಿಚಾರಿಸಿದರು, ಕೊನೆಗೆ ಸುಮ್ಮನಾದರು. ಗೋಡೆ ಬಿದ್ದ ಮೇಲೆ ನಗರಾಡಳಿತಕ್ಕೂ ಅವರಿಗೂ ತಕರಾರು ನಡೆಯಿತು. ಪಕ್ಕದ ಸಂತ ಥಾಮಸ್ ಇಗರ್ಜಿಯವರು ಅವರ ಪರ ನಿಂತರು. ಉಸ್ಮಾನ್ 2018ರಲ್ಲಿ ತೀರಿಕೊಂಡರು. ಗುಡಿಸಲು ಅಲ್ಲಿಯೇ ಇತ್ತು, ಬೇಲಿಯೊಳಗೆ ತರಕಾರಿಯ ಮಡಿಗಳೂ ಇದ್ದವು.