ಇಥಿಯೋಪಿಯಕ್ಕೆ ಹೋದ ಮೇಷ್ಟ್ರುಗಳು

1940ರ ದಶಕದ ಕೊನೆಯಿಂದ 1970ರ ದಶಕದ ನಡುಭಾಗದವರೆಗೆ ಇಥಿಯೋಪಿಯದ ಹೈಸ್ಕೂಲುಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠ ಹೇಳಿದ ವಿದೇಶಿಯರಲ್ಲಿ ಭಾರತೀಯರದು ದೊಡ್ಡ ಪಾಲು. ಅವರಲ್ಲಿ ಬಹಳಷ್ಟು ಮಂದಿ ಕೇರಳದವರು. ದುಡಿಮೆಗಾಗಿ ಕಡಲು ದಾಟಿದ ಭಾರತೀಯರೆಂದರೆ ತೋಟದ ಕೂಲಿಗಳು, ವ್ಯಾಪಾರಿಗಳು, ಈಚಿನ ಕೊಲ್ಲಿ ರಾಷ್ಟ್ರಗಳ ಕೆಲಸಗಾರರು ನೆನಪಿಗೆ ಬರುತ್ತಾರೆ. ಸೀಮೆಸುಣ್ಣ ಹಿಡಿದು ಹೋದವರ ಚರಿತ್ರೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇಥಿಯೋಪಿಯಕ್ಕೆ ಹೊರಗಿನ ಮೇಷ್ಟ್ರುಗಳು ಬೇಕಾದ ಕಾರಣ ಘೋರವಾದದ್ದು. 1936ರಲ್ಲಿ ಮುಸೊಲಿನಿಯ ಇಟಲಿ ಆ ದೇಶವನ್ನು ವಶಪಡಿಸಿಕೊಂಡಿತು. 1937ರ ಫೆಬ್ರವರಿಯಲ್ಲಿ ಇಟಲಿಯ ವೈಸರಾಯ್ ಗ್ರಾಜಿಯಾನಿಯ ಮೇಲೆ ಆಡಿಸ್ ಅಬಾಬಾದಲ್ಲಿ ಬಾಂಬ್ ದಾಳಿ ನಡೆದಾಗ, ಅದರ ಸೇಡಿಗೆ ಊರಿನ ಸಾವಿರಾರು ಜನರನ್ನು ಕೊಂದರು. ಓದು ಬಲ್ಲ ಯುವಕರನ್ನು ಹುಡುಕಿ ಹುಡುಕಿ ಮುಗಿಸಿದರು. 1941ರ ಮೇ 5ರಂದು ಚಕ್ರವರ್ತಿ ಹೈಲೆ ಸೆಲಾಸಿ ರಾಜಧಾನಿಗೆ ಮರಳಿದಾಗ, ಮೇಷ್ಟ್ರುಗಳಾಗಬಹುದಾಗಿದ್ದ ಒಂದು ತಲೆಮಾರೇ ಕೈತಪ್ಪಿಹೋಗಿತ್ತು. ಕಟ್ಟಡ ಎಬ್ಬಿಸುವುದು ಸುಲಭ. 1943ರಲ್ಲಿ ಕೋತೆಬೆಯ ಹೈಸ್ಕೂಲು, 1946ರಲ್ಲಿ ಜನರಲ್ ವಿಂಗೇಟ್ ಹೈಸ್ಕೂಲು ಶುರುವಾದವು. ಪಾಠ ಹೇಳುವವರನ್ನು ಮಾತ್ರ ಹೊರಗಿಂದಲೇ ತರಬೇಕಿತ್ತು.

ಹೈಸ್ಕೂಲಿನ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಬ್ರಿಟನ್, ಅಮೆರಿಕದವರನ್ನು ಕರೆಸಿದರೆ ಸಂಬಳ ಕೈಗೆಟುಕುತ್ತಿರಲಿಲ್ಲ. ಅತ್ತ ತಿರುವಾಂಕೂರು, ಕೊಚ್ಚಿಗಳಲ್ಲಿ ಕಾಲೇಜು ಓದಿದವರು ಬೇಕಾದಷ್ಟಿದ್ದರು, ಕೆಲಸವಿರಲಿಲ್ಲ. ಜೊತೆಗೆ ಧರ್ಮದ ನಂಟೂ ಇತ್ತು: ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚ್, ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚ್ ಎರಡೂ ಕ್ರಿ.ಶ. 451ರ ಕಾಲ್ಸಿಡಾನ್ ಸಭೆಯ ತೀರ್ಮಾನವನ್ನು ಒಪ್ಪದ ಪರಂಪರೆಯವು. ಚಕ್ರವರ್ತಿ 1956ರಲ್ಲಿ ಭಾರತಕ್ಕೆ ಬಂದಾಗ, ಕೇರಳದ ರಸ್ತೆಗಳಲ್ಲಿ ಸಾಲುಗಟ್ಟಿ ಶಾಲೆಗೆ ಹೋಗುತ್ತಿದ್ದ ಮಕ್ಕಳನ್ನು ಕಂಡು ಅಲ್ಲಿಂದಲೇ ಮೇಷ್ಟ್ರುಗಳನ್ನು ಕರೆಸಲು ನಿಶ್ಚಯಿಸಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ, ಕಾಲ ಮಾತ್ರ ಹೊಂದುವುದಿಲ್ಲ. ಮುಂದೆ ಪೌಲೋಸ್ ಮಾರ್ ಗ್ರಿಗೋರಿಯೋಸ್ ಎಂಬ ಹೆಸರಿನ ಬಿಷಪ್ ಆಗಿ ಪ್ರಸಿದ್ಧರಾದ ಪಾಲ್ ವರ್ಗೀಸ್ 1947ರಲ್ಲೇ ಅಲ್ಲಿಗೆ ಮೇಷ್ಟ್ರಾಗಿ ಹೋಗಿ, ಅಮ್ಹಾರಿಕ್ ಕಲಿತಿದ್ದರು. ಆಮೇಲೆ ಅವರು ಚಕ್ರವರ್ತಿಯ ಆಪ್ತ ಸಲಹೆಗಾರರೂ ಆದರು. ಚಕ್ರವರ್ತಿಯ ಭೇಟಿಯಿಂದ ವಲಸೆಗೆ ಬಲ ಬಂದಿರಬಹುದು. ಅದು ಶುರುವಾಗಿದ್ದು ಅದಕ್ಕೂ ಮುಂಚೆ.

ಹೊಸದಾಗಿ ಹೋದವರು ಮೊದಲು ಕಲಿಯಬೇಕಾದದ್ದು ಗಂಟೆ ಹೇಳುವುದನ್ನು. ಇಥಿಯೋಪಿಯದಲ್ಲಿ ಗಂಟೆಯ ಲೆಕ್ಕ ಹಿಡಿಯುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಎಂಟು ಗಂಟೆ ಅಲ್ಲಿ ಎರಡು. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನದ ಹನ್ನೆರಡು, ಕೊನೆಗೆ ಐದಾರು ದಿನದ ಪಗುಮೆ. ಹೊಸ ವರ್ಷ ಬರುವುದು ಸೆಪ್ಟೆಂಬರ್ 11ರ ಹೊತ್ತಿಗೆ, ಅದೂ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದಿನ ಎಣಿಕೆಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದಾಗ ಕೇರಳದಲ್ಲಿ ಶಾಲೆ ತೆರೆದರೆ, ಅದೇ ಮಳೆಗಾಲದಲ್ಲಿ ಅಲ್ಲಿ ಶಾಲೆಗೆ ದೊಡ್ಡ ರಜೆ. ತರಗತಿಯ ಕಷ್ಟ ಇನ್ನೊಂದು ಬಗೆಯದು. ಒರೊಮೊ ಅಥವಾ ತಿಗ್ರಿನ್ಯ ಮನೆಮಾತಿನ ಹುಡುಗ ಶಾಲೆಗೆಂದು ಅಮ್ಹಾರಿಕ್ ಕಲಿತು, ಹೈಸ್ಕೂಲಿಗೆ ಬರುವಾಗ ಇಂಗ್ಲಿಷಿಗೆ ಹೊರಳಬೇಕಿತ್ತು. ಮೇಷ್ಟ್ರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ತಾಯ್ನುಡಿಯಲ್ಲಿ ಬಿಡಿಸಿ ಹೇಳುವ ದಾರಿ ಇಬ್ಬರಿಗೂ ಇಲ್ಲದಿರುವಾಗ, ಬೀಜಗಣಿತದ ಲೆಕ್ಕವನ್ನು ಹಂತ ಹಂತವಾಗಿ ಬೋರ್ಡಿನ ಮೇಲೆ ಬಿಡಿಸುವುದೇ ಪಾಠದ ಜೀವಾಳ. ಈ ಕೆಲಸ ರಾಜಧಾನಿಯಲ್ಲಷ್ಟೇ ಅಲ್ಲದೆ ದೂರದ ಪ್ರಾಂತಗಳ ಊರುಗಳಲ್ಲೂ ನಡೆಯಿತು ಎಂಬುದರಲ್ಲೇ ಈ ಮೇಷ್ಟ್ರುಗಳ ಹಿರಿಮೆ ಇದೆ. 1962ರಿಂದ ಅಮೆರಿಕದ ಪೀಸ್ ಕೋರ್ ತರುಣರೂ ನೂರಾರು ಸಂಖ್ಯೆಯಲ್ಲಿ ಬಂದರು. ಅವರು ಎರಡು ವರ್ಷಕ್ಕೆ ಊರಿಗೆ ಮರಳುವವರು. ಭಾರತೀಯರಲ್ಲಿ ಎಷ್ಟೋ ಮಂದಿ ಸಂಸಾರ ಹೂಡಿ, ಗಂಡ ಹೆಂಡತಿ ಇಬ್ಬರೂ ಪಾಠ ಹೇಳುತ್ತ, ಅಲ್ಲೇ ಮಕ್ಕಳನ್ನು ಬೆಳೆಸಿದರು. ವೈದ್ಯ, ಕಾದಂಬರಿಕಾರ ಅಬ್ರಹಾಂ ವರ್ಗೀಸ್ 1955ರಲ್ಲಿ ಆಡಿಸ್ ಅಬಾಬಾದಲ್ಲಿ ಹುಟ್ಟಿದ್ದು ಇಂಥ ಒಂದು ಮೇಷ್ಟ್ರ ಮನೆಯಲ್ಲಿ.

ಊರಿಗೆ ಹಣ ಕಳಿಸುವವರಿಗೆ ವಿನಿಮಯ ದರ ಬಲು ಮುಖ್ಯವಾಗಿತ್ತು. 1966ರ ಜೂನ್‌ವರೆಗೆ ಒಂದು ಅಮೆರಿಕನ್ ಡಾಲರಿಗೆ 4.76 ರೂಪಾಯಿ, ಸುಮಾರು ಎರಡೂವರೆ ಇಥಿಯೋಪಿಯನ್ ಡಾಲರ್. ಅಂದರೆ ಅಲ್ಲಿ ಉಳಿಸಿದ ಒಂದು ಡಾಲರಿಗೆ ಇಲ್ಲಿ ಎರಡು ರೂಪಾಯಿಗೂ ಕಡಿಮೆ. ರೂಪಾಯಿಯ ಅಪಮೌಲ್ಯವಾಗಿ ಅಮೆರಿಕನ್ ಡಾಲರಿನ ಬೆಲೆ 7.50 ರೂಪಾಯಿಗೆ ಏರಿದಾಗ, ಅದೇ ಉಳಿತಾಯಕ್ಕೆ ಮೂರು ರೂಪಾಯಿ ಬರತೊಡಗಿತು. ಸಂಬಳ ಏರದಿದ್ದರೂ ಊರಿನಲ್ಲಿ ಮನೆ ಕಟ್ಟುವ, ತಂಗಿಯ ಮದುವೆ ಮಾಡುವ ಶಕ್ತಿ ರಾತ್ರೋರಾತ್ರಿ ಒಂದೂವರೆ ಪಟ್ಟಾಯಿತು.

ಇದೇ ವರ್ಷಗಳಲ್ಲಿ, ಓದಿ ಬೆಳೆದ ವಿದ್ಯಾರ್ಥಿಗಳು ಅರಮನೆಯನ್ನೇ ಪ್ರಶ್ನಿಸತೊಡಗಿದರು. ಉಳುವವನಿಗೇ ಭೂಮಿ ಎಂಬ ಕೂಗು 1965ರಲ್ಲಿ ಬೀದಿಗಿಳಿಯಿತು. 1974ರ ಸೆಪ್ಟೆಂಬರ್‌ನಲ್ಲಿ ಡೆರ್ಗ್ ಎಂಬ ಸೇನಾ ಸಮಿತಿ ಚಕ್ರವರ್ತಿಯನ್ನು ಇಳಿಸಿತು. ಅದೇ ಡಿಸೆಂಬರ್‌ನಿಂದ ಮೇಲಿನ ತರಗತಿಗಳನ್ನು ಮುಚ್ಚಿ ಸುಮಾರು 60,000 ವಿದ್ಯಾರ್ಥಿಗಳನ್ನೂ ಮೇಷ್ಟ್ರುಗಳನ್ನೂ ಹಳ್ಳಿಗಳಿಗೆ ಅಟ್ಟಿತು. 1977–78ರಲ್ಲಿ ಡೆರ್ಗ್ ತನ್ನ ವಿರೋಧಿಗಳ ಮೇಲೆ ನಡೆಸಿದ ಕೆಂಪು ಭಯೋತ್ಪಾತದಲ್ಲಿ ಬೀದಿಯಲ್ಲಿ ಹೆಣವಾದವರಲ್ಲಿ ಹೈಸ್ಕೂಲಿನ ಮಕ್ಕಳೇ ಎಷ್ಟೋ ಮಂದಿ. ನಾಲ್ಕು ದಶಕದಲ್ಲಿ ಎರಡನೇ ಸಲ ಆ ದೇಶ ತನ್ನ ಓದಿದ ತಲೆಮಾರನ್ನು ಕಳೆದುಕೊಂಡಿತು.

ಈ ವರ್ಷಗಳಲ್ಲಿ ಇಥಿಯೋಪಿಯ ಬಿಟ್ಟು ಹೊರಟ ಭಾರತೀಯ ಮೇಷ್ಟ್ರುಗಳಲ್ಲಿ ಎಲ್ಲರೂ ಭಾರತಕ್ಕೆ ಮರಳಲಿಲ್ಲ. 1964ರಲ್ಲಿ ಸ್ವತಂತ್ರವಾದಾಗ ನೂರರಷ್ಟೇ ಪದವೀಧರರಿದ್ದ ಜಾಂಬಿಯಾ, ಪೆಟ್ರೋಲಿನ ಹಣದಲ್ಲಿ ಶಾಲೆ ಹೆಚ್ಚಿಸುತ್ತಿದ್ದ ನೈಜೀರಿಯ ಅವರನ್ನು ಕರೆದವು. ತಾಮ್ರದ ಬೆಲೆ ಬಿದ್ದಾಗ ಜಾಂಬಿಯಾದಲ್ಲಿ, 1986ರಲ್ಲಿ ಅಲ್ಲಿನ ನಾಣ್ಯ ನೈರಾದ ಬೆಲೆ ಕುಸಿದಾಗ ನೈಜೀರಿಯದಲ್ಲಿ ಉಳಿತಾಯದ ಲೆಕ್ಕ ತಪ್ಪಿತು. ಇಥಿಯೋಪಿಯದಲ್ಲಿ 1991ರಲ್ಲಿ ಡೆರ್ಗ್ ಆಳ್ವಿಕೆ ಮುಗಿದ ಮೇಲೆ ವಿಶ್ವವಿದ್ಯಾಲಯಗಳು ಹೆಚ್ಚಿದವು. ಭಾರತದಿಂದ ಮತ್ತೆ ಮೇಷ್ಟ್ರುಗಳು ಹೋದರು, ಈ ಸಲ ಹೈಸ್ಕೂಲಿಗಲ್ಲ, ಕಾಲೇಜಿಗೆ.