ವುಡ್‌ವರ್ಡ್ ಹೆದ್ದಾರಿಯ ಇರುಳುಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿಷಿಗನ್ ಪ್ರಾಂತದಲ್ಲಿ, ಡೆಟ್ರಾಯಿಟ್ ನದಿಯ ದಂಡೆಯಿಂದ ಹೊರಟು ವಾಯವ್ಯಕ್ಕೆ 27 ಮೈಲಿ ನಡೆದು ಪಾಂಟಿಯಾಕ್ ಪಟ್ಟಣವನ್ನು ಸೇರುವ ವುಡ್‌ವರ್ಡ್ ಅವೆನ್ಯೂ ಎಂಬ ಮಾರ್ಗವುಂಟು. ಮೂಲನಿವಾಸಿಗಳ ಕಾಲುದಾರಿಯಾಗಿದ್ದ ಅದು, 1805ರ ಮಹಾಗ್ನಿಯಲ್ಲಿ ಊರೆಲ್ಲ ಬೂದಿಯಾದ ತರುವಾಯ ನಗರಕ್ಕೆ ಹೊಸ ನಕ್ಷೆಯನ್ನು ರಚಿಸಿದ ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡನ ಹೆಸರನ್ನು ಪಡೆಯಿತು. 1909ರಲ್ಲಿ ಅದರ ಒಂದು ಮೈಲಿಯ ಉದ್ದಕ್ಕೆ ಕಾಂಕ್ರೀಟನ್ನು ಹಾಸಿ, ಮೋಟಾರಿನ ಗಾಲಿಗೆ ಯೋಗ್ಯವಾದ ಹಾದಿ ಹೇಗಿರಬೇಕೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟರು. 1913ರಲ್ಲಿ ಅದೇ ಹಾದಿಯ ಮಗ್ಗುಲಿನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೆನ್ರಿ ಫೋರ್ಡನು ಕಾರು ತಾನೇ ಕೆಲಸಗಾರನ ಬಳಿಗೆ ಸರಿದು ಬರುವ ಜೋಡಣೆಯ ಸಾಲನ್ನು ಆರಂಭಿಸಿ, ಮರುವರ್ಷ ದಿನಕ್ಕೆ 5 ಡಾಲರುಗಳ ವೇತನವನ್ನು ಸಾರಿದನು. ಇವೆಲ್ಲವೂ ಪಠ್ಯಪುಸ್ತಕಗಳು ಬಲ್ಲ ಸಂಗತಿಗಳೇ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೌನವಾಗಿರುವುದು, ಇದಾದ ಅರ್ಧ ಶತಮಾನದ ಮೇಲೆ ಆ ಮಾರ್ಗದ ಉತ್ತರಾರ್ಧದಲ್ಲಿ ಬೇಸಗೆಯ ಇರುಳುಗಳಲ್ಲಿ ನಡೆಯುತ್ತಿದ್ದ ಓಟಗಳ ವಿಷಯದಲ್ಲಿ. ನನ್ನ ಮನಸ್ಸನ್ನು ಸೆಳೆದಿರುವುದೂ ಅದೇ.

ನಗರದ ಎಲ್ಲೆಯಾದ ಎಂಟನೆಯ ಮೈಲಿಯ ರಸ್ತೆಯನ್ನು ದಾಟಿದೊಡನೆ ವುಡ್‌ವರ್ಡಿನ ಸ್ವರೂಪವೇ ಬೇರೆಯಾಗುತ್ತದೆ. ನಡುವೆ ಹುಲ್ಲಿನ ಅಗಲವಾದ ಪಟ್ಟಿ, ಅದರ ಒಂದೊಂದು ಪಕ್ಕದಲ್ಲಿಯೂ ನಾಲ್ಕು ನಾಲ್ಕು ಸಾಲು ವಾಹನಗಳು ಏಕಕಾಲದಲ್ಲಿ ಹೋಗಬಹುದಾದ ನೇರವಾದ ಸಮತಟ್ಟಾದ ಹಾಸು, ದೂರದೂರಕ್ಕೆ ಒಂದೊಂದು ಸಿಗ್ನಲ್ ದೀಪ: ಓಟಕ್ಕೆಂದೇ ಯಾರೋ ಅಳೆದು ಕಟ್ಟಿದಂತಿದ್ದ ಆ ಹಾದಿಯ ಇಕ್ಕೆಲಗಳಲ್ಲಿ, ಕಾರಿನಿಂದ ಇಳಿಯದೆಯೇ ತಿಂಡಿಯನ್ನು ತರಿಸಿಕೊಳ್ಳಬಹುದಾದ ಡ್ರೈವ್-ಇನ್ ಉಪಾಹಾರಗೃಹಗಳಿದ್ದವು. ರಾಯಲ್ ಓಕ್ ಎಂಬ ಉಪನಗರದ ಟೋಟೆಮ್ ಪೋಲ್ ಒಂದು ಠಾಣ್ಯವಾದರೆ, ಪಾಂಟಿಯಾಕಿನ ದಿಕ್ಕಿನಲ್ಲಿದ್ದ ಟೆಡ್ಸ್ ಇನ್ನೊಂದು. ಶುಕ್ರವಾರ ಶನಿವಾರಗಳ ಸಂಜೆ ತರುಣರು ಇವುಗಳ ನಡುವೆ ಮೆಲ್ಲಗೆ ಹೋಗುವುದು, ಹಿಂದಿರುಗುವುದು, ಮತ್ತೆ ಹೋಗುವುದು. ಯಾರ ಬಳಿ ಯಾವ ಎಂಜಿನ್ ಬಂದಿದೆ, ಯಾರು ಯಾರನ್ನು ಸೋಲಿಸಿದರು ಎಂಬ ವಾರ್ತೆಯು ಹ್ಯಾಂಬರ್ಗರಿನ ತಟ್ಟೆಯೊಡನೆ ಕಾರಿನಿಂದ ಕಾರಿಗೆ ಹರಡುವುದು.

ಓಟವೆಂಬುದು ಹೆಚ್ಚಿನ ಸಿದ್ಧತೆಯನ್ನು ಬೇಡುತ್ತಿರಲಿಲ್ಲ. ಕೆಂಪು ದೀಪದ ಕೆಳಗೆ ಎರಡು ಕಾರುಗಳು ಮಗ್ಗುಲು ಮಗ್ಗುಲಾಗಿ ಬಂದು ನಿಂತಾಗ, ಒಬ್ಬನು ಇನ್ನೊಬ್ಬನನ್ನು ಕಿಟಕಿಯಿಂದ ಒಮ್ಮೆ ನೋಡಿ, ನಿಂತಲ್ಲೇ ಆಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ನನ್ನು ಗುಡುಗಿಸಿದನೆಂದರೆ ಅದೇ ಆಹ್ವಾನ. ಎರಡನೆಯವನ ಎಂಜಿನ್ನೂ ಗುಡುಗಿತೆಂದರೆ ಅದೇ ಅಂಗೀಕಾರ. ದೀಪವು ಹಸಿರಾದ ಕ್ಷಣಕ್ಕೆ ಹಿಂದಿನ ಟೈರುಗಳು ಕಿರುಚಿ ಹೊಗೆಯನ್ನೆಬ್ಬಿಸುತ್ತಿದ್ದವು, ಕ್ಲಚ್ಚು ಗೇರುಗಳ ನಡುವೆ ಕೈಕಾಲುಗಳು ಮನಸ್ಸಿಗಿಂತ ಮುಂದಾಗಿ ಓಡುತ್ತಿದ್ದವು, ಕಾಲು ಮೈಲಿ ಕಳೆಯುವಷ್ಟರಲ್ಲಿ ಜಯಾಪಜಯಗಳು ನಿರ್ಣಯವಾಗಿ, ಮುಂದಿನ ದೀಪದ ಬಳಿಗೆ ಬರುವಾಗ ಇಬ್ಬರೂ ಸಾಧು ಪ್ರಜೆಗಳಂತೆ ನಿಧಾನವಾಗಿ ಚಲಿಸುತ್ತಿದ್ದರು. ಹಣದ ಪಣವನ್ನೊಡ್ಡಿದ ಗಂಭೀರವಾದ ಸ್ಪರ್ಧೆಗಳು ಹೊತ್ತು ಮೀರಿದ ಮೇಲೆ ನಡೆಯುತ್ತಿದ್ದವು. ಇದು ಕಾನೂನಿಗೆ ವಿರುದ್ಧವಾಗಿದ್ದಿತು, ಅಪಾಯಕರವಾಗಿದ್ದಿತು. ತನ್ನ ಪಾಡಿಗೆ ಮನೆಗೆ ಹೋಗುತ್ತಿದ್ದ ದಾರಿಹೋಕನ ಪ್ರಾಣವನ್ನೂ ಅದು ಪಣಕ್ಕೊಡ್ಡುತ್ತಿದ್ದಿತು ಎಂಬುದನ್ನು ಯಾವ ಸವಿನೆನಪೂ ಮರೆಸಬಾರದು.

ಆ ಕಾಲವೂ ಅದಕ್ಕೆ ಅನುಕೂಲವಾಗಿದ್ದಿತು. ಎರಡನೆಯ ಮಹಾಯುದ್ಧ ಮುಗಿದೊಡನೆ ಹುಟ್ಟಿದ ಮಕ್ಕಳು 1964ರ ವೇಳೆಗೆ ಕಾರನ್ನು ಓಡಿಸುವ ವಯಸ್ಸಿಗೆ ಬಂದಿದ್ದರು, ಕಾರ್ಖಾನೆಗಳಲ್ಲಿ ದುಡಿಮೆಗೆ ತಕ್ಕ ಸಂಬಳವಿದ್ದಿತು, ಪೆಟ್ರೋಲಿಗೆ ಗ್ಯಾಲನ್ನಿಗೆ ಸುಮಾರು 30 ಸೆಂಟುಗಳ ಬೆಲೆ. ಆ ವರ್ಷದ ಮಾದರಿಯಾಗಿಯೇ ಜನರಲ್ ಮೋಟಾರ್ಸ್ ಕಂಪನಿಯ ಪಾಂಟಿಯಾಕ್ ವಿಭಾಗದ ಜಿಟಿಓ ಎಂಬ ಕಾರು ಜನಿಸಿತು. ಅದರ ಜನ್ಮವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1963ರಲ್ಲಿ ಜನರಲ್ ಮೋಟಾರ್ಸಿನ ಅಧಿಕಾರವರ್ಗವು ತನ್ನ ಎಲ್ಲ ವಿಭಾಗಗಳೂ ಓಟದ ಪಂದ್ಯಗಳಿಂದ ದೂರವಿರಬೇಕೆಂದು ಕಟ್ಟಪ್ಪಣೆ ಮಾಡಿದ್ದಿತು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡದಾದ ಎಂಜಿನ್ನನ್ನು ಕೂರಿಸಬಾರದೆಂಬ ನಿಯಮವೂ ಇದ್ದಿತು. ಪಾಂಟಿಯಾಕಿನ ಮುಖ್ಯ ಎಂಜಿನಿಯರನಾದ ಜಾನ್ ಡಿಲೋರಿಯನ್ನನೂ ಅವನ ಸಹೋದ್ಯೋಗಿಗಳೂ, ಟೆಂಪೆಸ್ಟ್ ಎಂಬ ಸೌಮ್ಯವಾದ ಕುಟುಂಬದ ಕಾರಿನ ಮುಂಭಾಗದಲ್ಲಿ, ವಿಭಾಗದ ದೊಡ್ಡ ಕಾರುಗಳಿಗೆ ಮೀಸಲಾಗಿದ್ದ 389 ಘನ ಅಂಗುಲದ, ಎಂದರೆ 6.4 ಲೀಟರಿನ ಎಂಜಿನ್ನು ಸಲೀಸಾಗಿ ಕೂರುವುದೆಂಬುದನ್ನು ಕಂಡುಕೊಂಡರು. ನಿಯಮವು ಕಾರಿನ ಮೂಲರೂಪಕ್ಕೆ ಅನ್ವಯಿಸುವುದೇ ಹೊರತು ಗ್ರಾಹಕನು ಹೆಚ್ಚಿನ ಹಣ ಕೊಟ್ಟು ಕೇಳಿ ಪಡೆಯುವ ಐಚ್ಛಿಕ ಅಂಗಗಳಿಗಲ್ಲವೆಂಬ ಸೂಕ್ಷ್ಮವನ್ನು ಹಿಡಿದು, 300 ಡಾಲರಿಗೂ ಕಡಮೆಯಾದ ಒಂದು ಐಚ್ಛಿಕ ಅಂಗವಾಗಿ ಅದನ್ನು ಮಾರಾಟದ ಪಟ್ಟಿಯಲ್ಲಿ ಸೇರಿಸಿಬಿಟ್ಟರು. ಹೆಸರನ್ನು ಇಟಲಿಯ ಫೆರಾರಿಯಿಂದ ಸಂಕೋಚವಿಲ್ಲದೆ ತೆಗೆದುಕೊಂಡರು. 5,000 ಕಾರುಗಳು ಖರ್ಚಾದರೆ ಸಾಕೆಂಬುದು ಮಾರಾಟ ವಿಭಾಗದ ಎಣಿಕೆ. ಮೊದಲನೆಯ ವರ್ಷವೇ 32,450 ಕಾರುಗಳು ಬಿಕರಿಯಾದವು. ಮಧ್ಯಮ ಮೈಕಟ್ಟು, ಮಿತಿಮೀರಿದ ಎಂಜಿನ್, ತರುಣನ ಕೈಗೆಟುಕುವ ಬೆಲೆ ಎಂಬ ಈ ಮೂರರ ಸಮಾಗಮಕ್ಕೆ ಜನರು ಮಸಲ್ ಕಾರು ಎಂದು ಹೆಸರಿಟ್ಟರು. ಆಮೇಲೆ ಬಂದವುಗಳಿಗೆ ಲೆಕ್ಕವಿಲ್ಲ. 425 ಅಶ್ವಶಕ್ತಿಯದೆಂದು ಪ್ರಕಟಿಸಿದ ಕ್ರೈಸ್ಲರಿನ ಹೆಮಿ ಎಂಜಿನ್ 1966ರಲ್ಲಿ ಬೀದಿಗಿಳಿಯಿತು, ವ್ಯಂಗ್ಯಚಿತ್ರದ ಹಕ್ಕಿಯ ಕೂಗನ್ನೇ ಹಾರನ್ನಿನಲ್ಲಿಟ್ಟುಕೊಂಡ, ಅದೇ ಕಂಪನಿಯ ಪ್ಲಿಮತ್ ರೋಡ್ ರನ್ನರ್ 1968ರಲ್ಲಿ ಬಂದಿತು.

ಇಂತಹ ಕಾರುಗಳು ಅಮೆರಿಕಾದ ಎಲ್ಲ ಊರುಗಳಲ್ಲಿಯೂ ಓಡಿದುವು. ಆದರೆ ವುಡ್‌ವರ್ಡಿಗೆ ಇದ್ದ ವಿಶೇಷವು ಬೇರೆಲ್ಲಿಯೂ ಇರಲಾರದು: ಅಲ್ಲಿ ಕೆಂಪು ದೀಪದ ಕೆಳಗೆ ಮಗ್ಗುಲಿಗೆ ಬಂದು ನಿಂತ ಕಾರನ್ನು ನಡೆಸುತ್ತಿದ್ದವನು ಆ ಕಾರನ್ನು ಕಲ್ಪಿಸಿದವನೇ ಆಗಿರಬಹುದಾಗಿತ್ತು. ಹಗಲೆಲ್ಲ ನಕ್ಷೆಯ ಮುಂದೆ ಕುಳಿತ ಎಂಜಿನಿಯರನು, ಇನ್ನೂ ಮಾರುಕಟ್ಟೆಗೆ ಬಾರದ ಎಂಜಿನ್ನನ್ನು ಹಳೆಯ ಮೈಯೊಳಗೆ ಬಚ್ಚಿಟ್ಟುಕೊಂಡು ಇರುಳು ಈ ಹಾದಿಗೆ ಬಂದು, ಪ್ರಯೋಗಶಾಲೆಯು ಹೇಳಲಾರದ ಉತ್ತರವನ್ನು ಇಪ್ಪತ್ತು ವರ್ಷದ ಹುಡುಗನೊಬ್ಬನಿಂದ ಪಡೆದು ಮನೆಗೆ ಹಿಂದಿರುಗುತ್ತಿದ್ದನು. ರಾಯಲ್ ಓಕಿನ ರಾಯಲ್ ಪಾಂಟಿಯಾಕ್ ಎಂಬ ಮಾರಾಟದ ಮಳಿಗೆಯಲ್ಲಿ, ಜಿಟಿಓವಿನ ಜಾಹೀರಾತನ್ನು ಬರೆದ ಜಿಮ್ ವಾಂಗರ್ಸನ ಪ್ರೇರಣೆಯಿಂದ, ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಬದಲಿಸಿ, ಕಿಡಿ ಹತ್ತುವ ಕಾಲವನ್ನು ತಿದ್ದಿ, ಕಾರ್ಖಾನೆಯಿಂದ ಬಂದ ಕಾರನ್ನು ಇನ್ನಷ್ಟು ಚುರುಕುಗೊಳಿಸಿ ಕೊಡುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಇದೇ ಹಾದಿಯ ಮೇಲೆ ಪೆಟ್ರೋಲ್ ಬಂಕನ್ನು ನಡೆಸುತ್ತಿದ್ದ ಜಿಮ್ಮಿ ಆಡಿಸನ್ನನ 1967ರ ಪ್ಲಿಮತ್ ಜಿಟಿಎಕ್ಸ್ ಕಾರಿಗೆ, ಜನರು ಬೆಳ್ಳಿಯ ಗುಂಡು ಎಂದು ಕರೆದ ಆ ಪ್ರಸಿದ್ಧವಾದ ರಥಕ್ಕೆ, ಕ್ರೈಸ್ಲರಿನ ಎಂಜಿನಿಯರರ ಸಹಾಯವು ಹಿಂಬಾಗಿಲಿನಿಂದ ಒದಗುತ್ತಿದ್ದಿತು. ಮಾಡುವವನಿಗೂ ಅನುಭೋಗಿಸುವವನಿಗೂ ನಡುವೆ ಒಂದು ಕಿಟಕಿಯ ಗಾಜಿನಷ್ಟೇ ಅಂತರವಿದ್ದ ಇಂತಹ ಸ್ಥಳವು ಯಂತ್ರಯುಗದ ಚರಿತ್ರೆಯಲ್ಲಿ ವಿರಳ. ಆ ಇರುಳುಗಳನ್ನು ನೆನೆದು ಮುದುಕರು ಇಂದಿಗೂ ಕಣ್ಣು ಒದ್ದೆಮಾಡಿಕೊಳ್ಳುವುದು ವೇಗಕ್ಕಾಗಿ ಎಂದು ನನಗೆ ತೋರುವುದಿಲ್ಲ. ವೇಗವನ್ನು ಇಂದಿನ ಯಾವ ಕಾರಾದರೂ ಕೊಟ್ಟೀತು. ತಮ್ಮ ಊರಿನ ಕೈಗಳು ಮಾಡಿದ ವಸ್ತುವನ್ನು, ಅದನ್ನು ಮಾಡಿದವರ ಕಣ್ಣೆದುರಿನಲ್ಲಿಯೇ ಅದರ ಕಡೆಯ ಮಿತಿಯವರೆಗೆ ನಡೆಸಿನೋಡಿದ ಆ ಸಲಿಗೆಗಾಗಿ ಅವರು ಹಂಬಲಿಸುತ್ತಾರೆ.

ಆದರೆ ಈ ನೆನಪು ಅರ್ಧ ಹಾದಿಯ ನೆನಪೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಎಂಟನೆಯ ಮೈಲಿಯ ರಸ್ತೆಯು ಕೇವಲ ನಗರದ ಗಡಿಯಾಗಿರಲಿಲ್ಲ, ಬಣ್ಣದ ಗಡಿಯೂ ಆಗಿದ್ದಿತು. ಅದೇ ಕಾರುಗಳನ್ನು ಅದೇ ಕಾರ್ಖಾನೆಗಳಲ್ಲಿ ಜೋಡಿಸುತ್ತಿದ್ದ ಕರಿಯ ಕಾರ್ಮಿಕನಿಗೆ ಉತ್ತರದ ಉಪನಗರಗಳಲ್ಲಿ ಮನೆ ದೊರೆಯುವುದು ದುರ್ಲಭವಾಗಿದ್ದಿತು. 1967ರ ಜುಲೈ ತಿಂಗಳಲ್ಲಿ ಡೆಟ್ರಾಯಿಟಿನಲ್ಲಿ ದಂಗೆಯೆದ್ದು 43 ಜನರು ಅಸುನೀಗಿದಾಗ, ಅದೇ ಮಾರ್ಗದ ಕೆಲವೇ ಮೈಲಿಗಳಾಚೆ ಉಪಾಹಾರಗೃಹಗಳ ದೀಪಗಳಿದ್ದುವೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಎರಡು ಕಡೆಯ ತರುಣರಿಗೂ ಸಮಾನವಾಗಿ ಬಂದುದು ಒಂದೇ: ವಿಯೆಟ್ನಾಮಿನ ಯುದ್ಧಕ್ಕೆ ಕರೆಯುವ ಸರ್ಕಾರದ ಓಲೆ.

ಆ ಓಟಗಳ ಅಂತ್ಯವು ಹಲವು ಕಡೆಗಳಿಂದ ಬಂದಿತು. ವಿಮೆಯ ಕಂಪನಿಗಳು ಇಂತಹ ಕಾರುಗಳ ತರುಣ ಒಡೆಯರ ಮೇಲೆ ಭಾರವಾದ ಕಂತನ್ನು ಹೊರಿಸಿದುವು. 1970ರ ವಾಯುಶುದ್ಧಿಯ ಶಾಸನವು ಹೊಗೆಗೆ ಕಡಿವಾಣ ಹಾಕಿತು; 1971ರ ಮಾದರಿಗಳಲ್ಲಿ, ಸೀಸ ಕಡಮೆಯಿರುವ ಪೆಟ್ರೋಲಿಗೆ ಒಗ್ಗುವಂತೆ, ಜನರಲ್ ಮೋಟಾರ್ಸ್ ತನ್ನ ಎಂಜಿನ್ನುಗಳ ಸಂಪೀಡನದ ಪ್ರಮಾಣವನ್ನು ತಗ್ಗಿಸಿತು. ಆ ಶಾಸನವು ನ್ಯಾಯವಾದುದೇ. ನಗರದ ಮಕ್ಕಳು ಉಸಿರಾಡಬೇಡವೆ? 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು, 1974ರಲ್ಲಿ ಗಂಟೆಗೆ 55 ಮೈಲಿಯ ಮಿತಿಯು ದೇಶಕ್ಕೆಲ್ಲ ಬಂದಿತು. ಡ್ರೈವ್-ಇನ್ನುಗಳು ಒಂದೊಂದಾಗಿ ಮುಚ್ಚಿದುವು.

1995ರ ಆಗಸ್ಟಿನಲ್ಲಿ, ಫರ್ನ್‌ಡೇಲಿನ ಮಕ್ಕಳಿಗೆ ಒಂದು ಫುಟ್‌ಬಾಲ್ ಮೈದಾನಕ್ಕಾಗಿ ಹಣವನ್ನು ಕೂಡಿಸಬೇಕೆಂದು ಆ ಉಪನಗರದ ಕೆಲವರು ಇದೇ ಹಾದಿಯಲ್ಲಿ ಹಳೆಯ ಕಾರುಗಳ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಹತ್ತಾರು ಸಾವಿರ ಜನರನ್ನು ಅವರು ನಿರೀಕ್ಷಿಸಿದ್ದರು. ಎರಡೂವರೆ ಲಕ್ಷ ಜನರು ನೆರೆದರು. ಅಂದಿನಿಂದ ಅದು ಪ್ರತಿ ಆಗಸ್ಟಿನ ಜಾತ್ರೆಯಾಯಿತು. ಅಷ್ಟರಲ್ಲಿ ತಯಾರಕರೇ ಕಣ್ಮರೆಯಾಗತೊಡಗಿದರು: ಪ್ಲಿಮತ್ ಎಂಬ ಹೆಸರು 2001ರಲ್ಲಿ ಅಳಿಯಿತು, ಪಾಂಟಿಯಾಕ್ 2010ರಲ್ಲಿ. ಹುಡುಗನೊಬ್ಬನು ತನ್ನ ಸಂಬಳದಲ್ಲಿ ಕೊಂಡಿದ್ದ ಕಾರುಗಳಲ್ಲಿ ಕೆಲವು ಈಗ ಹರಾಜಿನಲ್ಲಿ ಅರಮನೆಯ ಬೆಲೆಗೆ ಹೋಗುತ್ತವೆ. ಆದರೂ ಜಾತ್ರೆಯ ದಿನ ರಸ್ತೆಯ ಅಂಚಿನ ಹುಲ್ಲಿನ ಮೇಲೆ ಮಡಚುವ ಕುರ್ಚಿಗಳನ್ನು ಹಾಕಿಕೊಂಡು, ಕಾರಿನ ಬಾನೆಟ್ಟನ್ನು ತೆರೆದಿಟ್ಟು ಕುಳಿತಿರುವ ವೃದ್ಧರ ಬಳಿ ಜನರು ಮೊದಲು ಕೇಳುವುದು ಬೆಲೆಯನ್ನಲ್ಲ. ಇದು ಯಾವ ಕಾರ್ಖಾನೆಯಲ್ಲಿ ಜೋಡಣೆಯಾಯಿತು, ಯಾವ ವರ್ಷ, ಯಾವ ಎಂಜಿನ್ ಎಂದು ಕೇಳುತ್ತಾರೆ. ಉತ್ತರ ಬಂದೊಡನೆ ಕೇಳಿದವನು ತುಸು ಬಗ್ಗಿ ನೋಡಿ, ತನ್ನ ತಂದೆಯೂ ಆ ವರ್ಷ ಅದೇ ಸಾಲಿನಲ್ಲಿ ದುಡಿಯುತ್ತಿದ್ದನೆಂದು ಹೇಳಿದರೆ, ಅವನಿಗೂ ಒಂದು ಕುರ್ಚಿಯನ್ನು ಬಿಚ್ಚಿ ಹಾಕುತ್ತಾರೆ.