ಕೈತೋಟದ ಆಲೂಗೆಡ್ಡೆ ಗಿಡದಲ್ಲಿ ಹಣ್ಣು ಮತ್ತು ಬೀಜ: ಬೇಗೂರು ಭಾಗದ ಬೆಳೆಗಾರರಿಗೆ ಮಾಹಿತಿ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸುತ್ತಮುತ್ತ ಹಿತ್ತಲಿನಲ್ಲಿ ನಾಲ್ಕಾರು ಸಾಲು ಆಲೂಗೆಡ್ಡೆ ನೆಟ್ಟವರು ಕೆಲವು ವರ್ಷ ಗಿಡದ ತುದಿಯಲ್ಲಿ ಹಸಿರು ಕಾಯಿಗಳ ಗೊಂಚಲನ್ನು ಕಾಣಬಹುದು. ನೋಡಲು ಅವು ಎಳೆಯ ಟೊಮೇಟೊ ಕಾಯಿಯಂತೆಯೇ ಇರುತ್ತವೆ. ಪಕ್ಕದ ಮಡಿಯ ಟೊಮೇಟೊ ಬೆರಕೆಯಾಗಿದೆ ಎಂದೋ, ಕಾಯಿ ಬಿಟ್ಟ ಗಿಡದಲ್ಲಿ ಗೆಡ್ಡೆ ಕಟ್ಟುವುದಿಲ್ಲ ಎಂದೋ ಭಾವಿಸುವುದು ಸರಿಯಲ್ಲ. ಟೊಮೇಟೊ, ಬದನೆ, ಮೆಣಸಿನಕಾಯಿಗಳ ಕುಟುಂಬಕ್ಕೇ ಸೇರಿದ ಆಲೂಗೆಡ್ಡೆಗೆ ಹೂ, ಕಾಯಿ, ಬೀಜ ಸಹಜವಾದವು. ನಾವು ತಿನ್ನುವ ಗೆಡ್ಡೆಯು ಹಣ್ಣೂ ಅಲ್ಲ, ಬೇರೂ ಅಲ್ಲ. ಅದು ನೆಲದೊಳಗೆ ಉಬ್ಬಿದ ಕಾಂಡ.

ಈ ಕಾಯಿ ವಿಷಕಾರಿ

ಆಲೂಗೆಡ್ಡೆಯ ಕಾಯಿ ಹಸಿರಾಗಿದ್ದರೂ ಮಾಗಿದ್ದರೂ ತಿನ್ನಲು ಯೋಗ್ಯವಲ್ಲ. ಅದರಲ್ಲಿ ಸೊಲನೈನ್ ಮತ್ತು ಚಾಕೊನೈನ್ ಎಂಬ ವಿಷವಸ್ತುಗಳಿವೆ; ಬೇಯಿಸಿದರೂ ಹುರಿದರೂ ಇವು ನಾಶವಾಗುವುದಿಲ್ಲ. ಬೇಲಿಯಂಚಿನ ಗಣಿಕೆ ಗಿಡದ ಕಪ್ಪು ಹಣ್ಣನ್ನು ಕಿತ್ತು ತಿನ್ನುವುದು ಹಳ್ಳಿಯ ಮಕ್ಕಳಿಗೆ ಅಭ್ಯಾಸ. ಆಲೂಗೆಡ್ಡೆಯ ಕಾಯಿಯ ರೂಪವೂ ಗೊಂಚಲೂ ಅದಕ್ಕೆ ಹತ್ತಿರವಾಗಿರುವುದರಿಂದ ಮಕ್ಕಳು ಮೋಸಹೋಗುವ ಸಂಭವ ಹೆಚ್ಚು. ಹಸಿ ಟೊಮೇಟೊ ಪಲ್ಯಕ್ಕೆಂದು ಬಿಡಿಸುವಾಗ ಬುಟ್ಟಿಯಲ್ಲಿ ಬೆರೆತುಹೋಗುವುದೂ ಅಸಾಧ್ಯವಲ್ಲ. ಆದುದರಿಂದ ಕೈತೋಟದಲ್ಲಿ ಈ ಎರಡು ಬೆಳೆಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಬೆಳೆಯದಿರುವುದು ಒಳಿತು. ಎರಡಕ್ಕೂ ತಗಲುವ ಅಂಗಮಾರಿ ರೋಗದ ದೃಷ್ಟಿಯಿಂದಲೂ ಈ ಅಂತರ ಅಗತ್ಯ.

ಯಾರಾದರೂ ಕಾಯಿ ತಿಂದು ವಾಂತಿ, ಹೊಟ್ಟೆನೋವು, ಭೇದಿ, ತಲೆನೋವು ಅಥವಾ ಮಂಪರು ಕಾಣಿಸಿಕೊಂಡರೆ ಮನೆಮದ್ದಿಗೆ ಕಾಯದೆ, ಬಲವಂತವಾಗಿ ವಾಂತಿ ಮಾಡಿಸದೆ, ತಿಂದು ಉಳಿದ ಕಾಯಿಯೊಡನೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬೀಜ ಬೇಕಿಲ್ಲದವರು ಹೂಗೊಂಚಲನ್ನೇ ಚಿವುಟಿ ಹಾಕಬಹುದು. ಗೆಡ್ಡೆಗೆ ಇದರಿಂದ ಹಾನಿಯಿಲ್ಲ. ಕಿತ್ತ ಕಾಯಿಗಳನ್ನೂ ಗಿಡದ ಸೊಪ್ಪನ್ನೂ ದನಕರುಗಳಿಗೆ ಹಾಕಬಾರದು.

ಕಾಯಿ ಅಪರೂಪವೇಕೆ?

ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಬೆಳೆ. ತಂಪು ಹವೆ ಹಾಗೂ 14 ರಿಂದ 16 ಗಂಟೆಗಳ ಹಗಲು ಇರುವಲ್ಲಿ ಇದು ಯಥೇಚ್ಛವಾಗಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ನಮ್ಮ ಭಾಗದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ಮೊಗ್ಗು ಬಂದರೂ ಬಿಸಿಲಿನ ತಾಪಕ್ಕೆ ತೊಟ್ಟು ಕಳಚಿ ಉದುರುವುದೇ ಹೆಚ್ಚು. ಮುಂಗಾರಿನಲ್ಲಿ ಮೋಡ ಕವಿದು ತಂಪು ನಿಂತ ವರ್ಷಗಳಲ್ಲಿ ಮಾತ್ರ ಕಾಯಿ ನಿರೀಕ್ಷಿಸಬಹುದು. ದೇಶದ ಆಲೂಗೆಡ್ಡೆ ತಳಿ ಸಂಕರಣ ಕಾರ್ಯವು ಶಿಮ್ಲಾ ಬಳಿಯ ಕುಫ್ರಿ ಬೆಟ್ಟದಲ್ಲಿ ನಡೆದುಬಂದುದಕ್ಕೂ ಇದೇ ಕಾರಣ. ಕುಫ್ರಿ ಜ್ಯೋತಿ ಮೊದಲಾದ ತಳಿಗಳ ಹೆಸರಿನಲ್ಲಿರುವುದು ಆ ಊರೇ.

ಹೂವಿನಲ್ಲಿ ಮಕರಂದವಿಲ್ಲ. ಐದು ಹಳದಿ ಪರಾಗಕೋಶಗಳ ತುದಿಯ ಸಣ್ಣ ರಂಧ್ರಗಳಿಂದ ಪರಾಗ ಉದುರಬೇಕಾದರೆ ಹೂವು ಅದುರಬೇಕು. ಜೇನುನೊಣಕ್ಕೆ ಈ ಕೆಲಸ ಒಲಿಯದು. ಬದನೆ ಹೂವಿನ ಮೇಲೆ ಝೇಂಕರಿಸುವ ದಪ್ಪ ಕಪ್ಪು ದುಂಬಿಗಳಂಥವು ಇದನ್ನು ಮಾಡಬಲ್ಲವು. ಬಹುಪಾಲು ಕಾಯಿಗಳು ಅದೇ ಹೂವಿನ ಪರಾಗದಿಂದಲೇ ಕಟ್ಟುತ್ತವೆ. ಪರಾಗವೇ ಬಂಜೆಯಾಗಿರುವ ತಳಿಗಳೂ ಹಲವಿರುವುದರಿಂದ ಹೂ ತುಂಬಿದ ಗಿಡದಲ್ಲಿ ಒಂದೂ ಕಾಯಿ ಇಲ್ಲದಿದ್ದರೆ ಅದನ್ನು ಪೋಷಕಾಂಶದ ಕೊರತೆಯೆಂದು ತಿಳಿದು ಗೊಬ್ಬರ ಸುರಿಯುವುದು ವ್ಯರ್ಥ.

ಬೀಜದಿಂದ ಬೆಳೆಯಬಹುದೇ?

ಬೆಳೆಯಬಹುದು, ಆದರೆ ತಾಯಿಗಿಡದ ಗುಣ ದೊರೆಯುವುದಿಲ್ಲ. ಗೆಡ್ಡೆಯ ಕಣ್ಣಿನಿಂದ ಬಂದ ಗಿಡ ತಾಯಿಯ ತದ್ರೂಪು. ಕಾಯಿಯೊಳಗಿನ ಬೀಜದಲ್ಲಿ, ಅಂದರೆ ನಿಜಬೀಜದಲ್ಲಿ, ವಂಶವಾಹಿಗಳು ಹೊಸದಾಗಿ ಕಲೆಯುತ್ತವೆ. ಕುಫ್ರಿ ಜ್ಯೋತಿಯ ಒಂದೇ ಕಾಯಿಯಿಂದ ಇಪ್ಪತ್ತು ಸಸಿ ಎಬ್ಬಿಸಿದರೆ ಇಪ್ಪತ್ತೂ ಬೇರೆ ಬೇರೆ ಗುಣದವಾಗಿರುತ್ತವೆ. ಒಂದು ಕಾಯಿಯಲ್ಲಿ ನೂರಕ್ಕೂ ಹೆಚ್ಚು ಬೀಜಗಳಿರಬಹುದು.

ಆಸಕ್ತಿಯುಳ್ಳವರು ಮುಟ್ಟಿದರೆ ಉದುರುವಷ್ಟು ಬಲಿತ ಕಾಯಿಗಳನ್ನು ಆರಿಸಿ, ಮೆತ್ತಗಾಗುವವರೆಗೆ ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು. ನಂತರ ಹಿಚುಕಿ, ಟೊಮೇಟೊ ಬೀಜ ತೆಗೆಯುವಂತೆ ಒಂದೆರಡು ದಿನ ನೀರಿನಲ್ಲಿ ಕೊಳೆಯಿಸಿ, ತಳಕ್ಕೆ ಇಳಿದ ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹೊಸ ಬೀಜಕ್ಕೆ ಹಲವು ತಿಂಗಳ ಸುಪ್ತಾವಸ್ಥೆ ಇರುವುದರಿಂದ ಮುಂಗಾರಿನ ಬೀಜವನ್ನು ಅದೇ ಹಿಂಗಾರಿನಲ್ಲಿ ಬಿತ್ತದೆ ಮರುವರ್ಷದ ತಂಪು ದಿನಗಳಿಗೆ ಉಳಿಸಿಕೊಳ್ಳುವುದು ಲೇಸು. ಅಕ್ಟೋಬರ್ ಕೊನೆಯಲ್ಲಿ, ನೆರಳಿರುವ ಏರುಮಡಿಯಲ್ಲಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಬೇಕು. 25 ಡಿಗ್ರಿ ಸೆಲ್ಸಿಯಸ್ ಮೀರಿದರೆ ಮೊಳಕೆ ಕುಗ್ಗುತ್ತದೆ. ಸುಮಾರು ಒಂದು ತಿಂಗಳ ಸಸಿಗಳನ್ನು ನಾಟಿ ಮಾಡಬೇಕು. ಮೊದಲ ವರ್ಷ ದೊರೆಯುವುದು ಹೆಚ್ಚಾಗಿ ನೆಲ್ಲಿಕಾಯಿ, ನಿಂಬೆ ಗಾತ್ರದ ಗೆಡ್ಡೆಗಳು. ಅವುಗಳಲ್ಲಿ ಉತ್ತಮವಾದುದನ್ನು ಗಿಡವಾರು ಬೇರೆಯಾಗಿಟ್ಟು ಮುಂದಿನ ಹಂಗಾಮಿಗೆ ಬಿತ್ತನೆಯಾಗಿ ಬಳಸಬಹುದು.

ನಿಜಬೀಜವನ್ನು ಕಡೆಗಣಿಸುವಂತೆಯೂ ಇಲ್ಲ. ಒಂದು ಹೆಕ್ಟೇರಿಗೆ ಎರಡು ಟನ್ನಿಗೂ ಮಿಗಿಲಾದ ಬಿತ್ತನೆ ಗೆಡ್ಡೆ ಬೇಕಾದಲ್ಲಿ ಸುಮಾರು 100 ರಿಂದ 150 ಗ್ರಾಂ ಬೀಜ ಸಾಕು. ಗೆಡ್ಡೆಯಲ್ಲಿ ಸಾಗಿಬರುವ ಬಹುತೇಕ ನಂಜುರೋಗಗಳೂ ಬೀಜದಲ್ಲಿ ದಾಟುವುದಿಲ್ಲ. ಈ ಉದ್ದೇಶಕ್ಕಾಗಿಯೇ ಸಂಕರಿಸಿದ ಬೀಜವನ್ನು ತ್ರಿಪುರಾ ರಾಜ್ಯದಲ್ಲಿ ರೈತರು ಬಳಸಿದ್ದಾರೆ. ಹಿತ್ತಲಿನಲ್ಲಿ ತಾನಾಗಿ ಕಟ್ಟಿದ ಕಾಯಿಯ ಬೀಜ ಅದಕ್ಕೆ ಸಮವಲ್ಲ. ಮಾರಾಟದ ಬೆಳೆಗೆ ದೃಢೀಕೃತ ಬಿತ್ತನೆ ಗೆಡ್ಡೆಯನ್ನೇ ಬಳಸಬೇಕು.

ಬೇಗೂರು ಮೈಸೂರು–ಊಟಿ ಹೆದ್ದಾರಿಯಲ್ಲಿರುವುದರಿಂದ ಇನ್ನೊಂದು ಮಾತು ಅಗತ್ಯ. ಊಟಿಯಿಂದ ಅಡುಗೆಗೆಂದು ತಂದ ಗೆಡ್ಡೆ ಮೊಳೆತರೆ ಅದನ್ನು ಮಡಿಗೆ ನೆಡುವ ಮನಸ್ಸಾಗುತ್ತದೆ. ಬೇರಿಗೆ ಬೀಳುವ ಸಿಸ್ಟ್ ಜಂತುಹುಳು ನೀಲಗಿರಿಯಲ್ಲಿ 1961ರಲ್ಲಿ ಪತ್ತೆಯಾಗಿದ್ದು, ಅಂಟಿದ ಚಿಟಿಕೆ ಮಣ್ಣಿನಲ್ಲೂ ಅದು ಸಾಗಬಲ್ಲದು. ಒಮ್ಮೆ ಹೊಲ ಸೇರಿದರೆ ವರ್ಷಗಟ್ಟಲೆ ಹೋಗದು. ಅಂಥ ಗೆಡ್ಡೆಯನ್ನು ನೆಡಲೇಬಾರದು. ಉದುರಿದ ಕಾಯಿಗಳನ್ನೂ ಮಡಿಯಲ್ಲಿ ಬಿಡದೆ ಆರಿಸಿ ಆಳವಾಗಿ ಹೂಳಬೇಕು. ಅವುಗಳ ಬೀಜ ಮಣ್ಣಿನಲ್ಲಿ ಹಲವು ವರ್ಷ ಜೀವಂತವಿದ್ದು ಮುಂದಿನ ಬೆಳೆಯ ನಡುವೆ ಕಳೆಯಾಗಿ ಏಳುತ್ತದೆ. ಗಿಡದ ಗುರುತು ಅಥವಾ ರೋಗದ ಕುರಿತು ಸಂಶಯವಿದ್ದಲ್ಲಿ ಕಾಯಿ, ಎಲೆಗಳ ಮಾದರಿಯೊಂದಿಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.